ಹಸಿವಾಗುವ ಮುನ್ನ ತಿನ್ನಿ, ಇಳಿಯುವ ಮುನ್ನ ನಿಲ್ಲಿ

ಶಿವಮೊಗ್ಗದಿಂದ ಉಡುಪಿಗೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ನಮ್ಮ ಶಾಲೆಯ ಐವರು ಹುಡುಗರ ಬಹುದಿನದ ಆಸೆ. 2023ರ ಡಿಸೆಂಬರಿನಲ್ಲಿ ಪೋಷಕರ ಒಪ್ಪಿಗೆ ಪಡೆದು ನಾನೂ ಅವರ ಜೊತೆ ಹೊರಟೆ. ಸುಮಾರು 150 ಕಿ.ಮೀ. ದಾರಿ, ಎರಡು ದಿನದ ಪಯಣ.

ಮೊದಲ ದಿನ ಸುಖದ ಸವಾರಿ. ಗಾಜನೂರು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ ದಾಟಿ, ತುಂಗೆಯ ಪಕ್ಕದಲ್ಲೇ ಸಾಗಿ ತೀರ್ಥಹಳ್ಳಿಯಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ ಆರಕ್ಕೇ ಮಂಜಿನಲ್ಲಿ ಹೊರಟೆವು. ಮೇಗರವಳ್ಳಿ ಕಳೆದು ಸ್ವಲ್ಪ ದೂರ ಹೋಗಿದ್ದೆವು. ಎಲ್ಲರಿಗಿಂತ ಗಟ್ಟಿಗನೆನಿಸಿದ್ದ ಹುಡುಗ ಸೈಕಲ್ ನಿಲ್ಲಿಸಿ ರಸ್ತೆಬದಿ ಕುಳಿತುಬಿಟ್ಟ. ಕೈ ನಡುಗುತ್ತಿತ್ತು, ಹಣೆಯ ಮೇಲೆ ತಣ್ಣನೆ ಬೆವರು.

“ಬೆಳಿಗ್ಗೆ ಏನು ತಿಂದ್ಯೋ?”

“ಬರೀ ಕಾಫಿ ಸಾರ್. ಹೊಟ್ಟೆ ಭಾರ ಆದ್ರೆ ಏರು ಹತ್ತೋಕಾಗಲ್ಲ ಅಂತ...”

ತಪ್ಪು ಅವನದಲ್ಲ. ಹೊರಡುವ ಮುನ್ನ ಕೇಳಬೇಕಾದವನು ನಾನು, ಕೇಳಿರಲಿಲ್ಲ. ಬೆಲ್ಲ, ಎರಡು ಬಾಳೆಹಣ್ಣು, ನೀರು ಕೊಟ್ಟು ಕೂರಿಸಿದೆವು. ಅರ್ಧ ಗಂಟೆಯಲ್ಲಿ ಮುಖಕ್ಕೆ ಕಳೆ ಬಂತು.

ಕಾರಣ ಸರಳ. ತಿಂದ ಶರ್ಕರಪಿಷ್ಟದ ಒಂದು ಭಾಗವನ್ನು ದೇಹ ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂಡಿಡುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಯಕೃತ್ತಿನ ದಾಸ್ತಾನು ಬಹಳಷ್ಟು ಕರಗಿರುತ್ತದೆ. ಬರಿಹೊಟ್ಟೆಯಲ್ಲಿ ತುಳಿದರೆ ರಕ್ತದ ಸಕ್ಕರೆ ಕುಸಿಯಬಹುದು. ಆದ್ದರಿಂದ ಹೊರಡುವ ಗಂಟೆ ಮೊದಲೇ ಇಡ್ಲಿಯೋ ಅವಲಕ್ಕಿಯೋ ಹೊಟ್ಟೆಗೆ ಬೀಳಲಿ. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಬಾಳೆಹಣ್ಣು, ಜೊತೆಗೆ ಸಣ್ಣ ನಿಂಬೆಯಷ್ಟು ಬೆಲ್ಲ ಸಾಕು. ನೀರನ್ನು ಗಂಟೆಗೆ ಅರ್ಧ ಲೀಟರಿನಂತೆ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿಲೇರಿದರೆ ಚಿಟಿಕೆ ಉಪ್ಪು, ನಿಂಬೆರಸ ಸೇರಿಸಿ.

ಆಗುಂಬೆಯಲ್ಲಿ ತಿಂಡಿಯಾದ ಮೇಲೆ ಸೈಕಲ್‌ಗಳ ಪರೀಕ್ಷೆ. ಅಲ್ಲಿಂದ ಸೋಮೇಶ್ವರಕ್ಕೆ 14 ಕಡಿದಾದ ತಿರುವು, ಸುಮಾರು 500 ಮೀಟರ್ ಇಳಿತ. ಹುಡುಗರಿಗೆ ಒಂದು ಲೆಕ್ಕ ಕೊಟ್ಟೆ: ಸವಾರ, ಸೈಕಲ್, ಚೀಲ ಸೇರಿ 80 ಕಿಲೋ ಆದರೆ ಕಳೆಯಬೇಕಾದ ಶಕ್ತಿ ಎಷ್ಟು? ಹೆಚ್ಚುಕಡಿಮೆ 4 ಲಕ್ಷ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು! ಗಾಳಿ ತಡೆಯುವುದಷ್ಟನ್ನು ಬಿಟ್ಟರೆ ಉಳಿದದ್ದು ಬಹುತೇಕ ಬ್ರೇಕಿನ ಪಾಲು. ನೋಡಿದರೆ ಒಬ್ಬನ ಬ್ರೇಕ್ ರಬ್ಬರ್ ಪೂರಾ ಸವೆದಿತ್ತು. ಚೀಲದಲ್ಲಿದ್ದ ಹೊಸ ಜೋಡಿ ಹಾಕಿದೆವು.

ಹೆಲ್ಮೆಟ್, ಪಂಪು, ಟ್ಯೂಬು, ಪಂಕ್ಚರ್ ಸಾಮಾನು, ಸ್ಪ್ಯಾನರ್, ಬ್ರೇಕ್ ರಬ್ಬರ್ ಇಷ್ಟು ಇರಲೇಬೇಕು. ಚೀಲ ಬೆನ್ನಿಗಲ್ಲ, ಕ್ಯಾರಿಯರಿಗೆ ಕಟ್ಟಿ. ಪೆಡಲ್ ತೀರಾ ಕೆಳಗಿರುವಾಗ ಮಂಡಿ ತುಸುವೇ ಬಾಗುವಂತೆ ಸೀಟಿನ ಎತ್ತರವಿರಲಿ.

ಎರಡೆರಡು ತಿರುವಿಗೊಮ್ಮೆ ನಿಂತು, ರಿಮ್ಮು ತಣಿಸಿ ಘಾಟಿ ಇಳಿದೆವು. ಹೆಬ್ರಿಯಲ್ಲಿ ಅದೇ ಹುಡುಗ ಬಾಳೆಹಣ್ಣು ಹಿಡಿದು ಬಳಿಗೆ ಬಂದ. “ನೀವು ತಿಂದ್ರಾ ಸಾರ್?”

ಇವರನ್ನು ತಿನ್ನಿಸುವ ಗಡಿಬಿಡಿಯಲ್ಲಿ ನಾನು ತಿಂದಿರಲಿಲ್ಲ. ಸುಮ್ಮನೆ ಕೈ ಚಾಚಿದೆ.