ಮೂವತ್ತು ಸೆಕೆಂಡಿನ ಊರುಗಳು

ಶಿಗ್ಗಾಂವಿಯ ಹೊರಗೆ, ಹೆದ್ದಾರಿ ಪಕ್ಕದ ಮಣ್ಣಿನ ದಿಬ್ಬದ ಮೇಲೆ ಸ್ಟ್ಯಾಂಡ್ ಊರಿದಾಗ ರಾತ್ರಿ ಎಂಟು ದಾಟಿತ್ತು. ದೀಪಾವಳಿ ಕಳೆದು ವಾರವಾಗಿತ್ತು. ಒಣಹಾಕಿದ ಗೋವಿನಜೋಳದ ವಾಸನೆ ಗಾಳಿಯಲ್ಲಿತ್ತು. ಶಟರ್ ತೆರೆದು ಕೈಗಡಿಯಾರ ನೋಡುತ್ತ ಮೂವತ್ತು ಸೆಕೆಂಡು ಕಾದೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ ಅರ್ಧ ಕಿಲೋಮೀಟರ್ ಹೋಗಿರುತ್ತದೆ. ತೆರೆಯ ಮೇಲೆ ಚಿತ್ರ ಮೂಡಿದಾಗ ಲಾರಿಗಳೇ ಇರಲಿಲ್ಲ. ಅವು ಹಾದುಹೋದ ಅರ್ಧ ಕಿಲೋಮೀಟರ್ ಇತ್ತು. ಎಡಕ್ಕೆ ದೂರ ಸಾಗಿದವುಗಳ ಕೆಂಪು ಗೆರೆಗಳು, ಬಲಕ್ಕೆ ಎದುರು ಬಂದವುಗಳ ಬಿಳಿ ಗೆರೆಗಳು. ಕೆಂಪಿನ ಅಂಚಿನಲ್ಲಿ ಬಿಟ್ಟು ಬಿಟ್ಟು ಸಾಗಿದ ಕಿತ್ತಳೆ ಬಣ್ಣದ ಸಾಲೊಂದು ಬೇರೆ. ಊರೊಳಗೆ ಹೊರಳಿದ ಬಸ್ಸಿನ ಇಂಡಿಕೇಟರ್ ಹತ್ತಿ ಆರಿ, ಹತ್ತಿ ಆರಿ, ನಮ್ಮ ಕಡೆಯ ಕಸೂತಿಯ ನೇಗಿ ಹೊಲಿಗೆ ಹಾಕಿ ಹೋಗಿತ್ತು! ಆ ಚಳಿಯಲ್ಲಿ ಒಬ್ಬನೇ ನಿಂತು ಅದನ್ನೇ ನೋಡುತ್ತಿದ್ದೆ.

ಇಂಥ ಚಿತ್ರಕ್ಕೆ ಬೆಂಗಳೂರಿನ ಮೇಲ್ಸೇತುವೆಯೇ ಬೇಕು ಎನ್ನುವವರಿದ್ದಾರೆ. ಮಹಾನಗರದ ವೇಗವನ್ನು ನಾನೂ ಬೇಕಾದಷ್ಟು ತೆಗೆದಿದ್ದೇನೆ. ಆದರೆ ಅಲ್ಲಿ ಎಲ್ಲವೂ ಓಡುತ್ತದೆ, ಚಿತ್ರದಲ್ಲಿ ಕಣ್ಣು ಊರಲು ಜಾಗವಿರುವುದಿಲ್ಲ. ಹಾವೇರಿ ಜಿಲ್ಲೆಯ ಈ ತಾಲ್ಲೂಕು ಪಟ್ಟಣಗಳಲ್ಲಿ ಓಡುವುದರ ಪಕ್ಕದಲ್ಲೇ ಕೂತಿರುವವರೂ ಇರುತ್ತಾರೆ. ಅವರಿಗಾಗಿಯೇ ಬಂದಿದ್ದೆ.

ಸವಣೂರು ತಲುಪಿದ್ದು ಬೆಳಿಗ್ಗೆ. ನವಾಬರ ಊರು, ವಿ.ಕೃ. ಗೋಕಾಕರು ಹುಟ್ಟಿದ ಊರು, ಎಲ್ಲಕ್ಕಿಂತ ಹೆಚ್ಚಾಗಿ ವೀಳ್ಯದೆಲೆಯ ಊರು. ಪೇಟೆಯ ಬದಿಯಲ್ಲಿ ಒಬ್ಬ ಅಜ್ಜ ಒದ್ದೆ ಗೋಣಿಚೀಲದ ಮೇಲೆ ಎಲೆ ಹರವಿಕೊಂಡು ಎಣಿಸಿ ಕಟ್ಟುತ್ತಿದ್ದರು. ಹಗಲಿನಲ್ಲಿ ಶಟರ್ ಅಷ್ಟು ಹೊತ್ತು ತೆರೆದಿಟ್ಟರೆ ಚಿತ್ರ ಬರೀ ಬಿಳಿಯಾಗುತ್ತದೆ. ಅದಕ್ಕೇ ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರ್ ಹಾಕಬೇಕು. ನನ್ನ ಹತ್ತಿರ ಇರುವುದು ಬೆಳಕನ್ನು ಸುಮಾರು ಸಾವಿರದಲ್ಲೊಂದು ಪಾಲಿಗೆ ಇಳಿಸುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಮುಗಿಯಬೇಕಾದ ಚಿತ್ರಕ್ಕೆ ಆಗ 34 ಸೆಕೆಂಡು ಬೇಕಾಗುತ್ತದೆ.

‘ಒಂದ್ ಫೋಟೋಕ್ಕ ಇಷ್ಟೊತ್ತು ಬೇಕೇನೋ ತಮ್ಮಾ?’ ಅಂದರು ಅಜ್ಜ.

‘ಹೌದ್ರಿ ಅಜ್ಜಾ. ನೀವು ನಿಮ್ಮ ಕೆಲಸ ಮಾಡ್ರಿ.’

ಅವರು ಮಾಡಿದರು. ಅವರ ಹಿಂದೆ ಸೈಕಲ್ಲು, ಟಂಟಂ, ಶಾಲೆಯ ಮಕ್ಕಳು, ಬುಟ್ಟಿ ಹೊತ್ತ ಹೆಂಗಸರು ಹರಿದರು. ಚಿತ್ರದಲ್ಲಿ ಅಷ್ಟೂ ಜನ ಮಂಜಾಗಿದ್ದರು. ಆ ಮಂಜಿನ ನಡುವೆ ಅಜ್ಜನ ಪಟಗ, ಮುಖದ ಗೆರೆಗಳು, ಒದ್ದೆ ಎಲೆಯ ಹೊಳಪು ಕೆತ್ತಿದ ಹಾಗೆ ನಿಂತಿದ್ದವು. ಮೊಣಕೈಯಿಂದ ಕೆಳಗೆ ಮಾತ್ರ ಕೈಗಳಿರಲಿಲ್ಲ, ಎಲೆಗಳ ಮೇಲೆ ತಿಳಿಹಸಿರು ಹೊಗೆಯಷ್ಟೇ ಆಡುತ್ತಿತ್ತು. ತೋರಿಸಿದೆ. ಅಜ್ಜ ತಮ್ಮ ಎರಡೂ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ‘ನನ್ನ ಕೈ ಎಲ್ಲಿ ಹೋದುವೋ!’ ಅಂದು ಬಾಯಿ ತುಂಬ ನಕ್ಕರು.

ನನಗೆ ಪ್ಯಾರಿಸ್ಸಿನ ಒಂದು ಬೀದಿ ನೆನಪಾಯಿತು. 1838ರಲ್ಲಿ ಲೂಯಿ ಡಾಗೆರ್ ತನ್ನ ಕಿಟಕಿಯಿಂದ ಅದರ ಚಿತ್ರ ತೆಗೆದ. ಬೆಳಕು ತಟ್ಟೆಯ ಮೇಲೆ ಅಚ್ಚಾಗಲು ಆಗ ಹಲವು ನಿಮಿಷ ಬೇಕಿತ್ತು. ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋದರು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದವನೊಬ್ಬ ಉಳಿದ. ಮನುಷ್ಯನಿರುವ ಮೊದಲ ಛಾಯಾಚಿತ್ರ ಎಂದು ಲೋಕ ಅದನ್ನೇ ಕೊಂಡಾಡುತ್ತದೆ. ಅವನ ಕಾಲ ಬಳಿ, ಆಡುವ ಕೈಗಳಿಂದಾಗಿ ಮಸುಕಾಗಿ, ಪಾಲಿಶ್ ಮಾಡುವವನೂ ಇದ್ದಾನೆ. ನನ್ನ ಮನಸ್ಸು ಯಾವಾಗಲೂ ಅವನ ಕಡೆಗೇ ಹೋಗುತ್ತದೆ.

ಮಧ್ಯಾಹ್ನ ದೊಡ್ಡಹುಣಸೆ ಕಲ್ಮಠಕ್ಕೆ ಹೋದೆ. ಇಲ್ಲಿಯ ಮೂರು ಮರಗಳನ್ನು ಊರವರು ದೊಡ್ಡಹುಣಸೆ ಎನ್ನುತ್ತಾರೆ, ನಿಜಕ್ಕೂ ಅವು ಆಫ್ರಿಕದ ಬಾವೊಬಾಬ್. 2023ರ ಮಳೆಗಾಲದಲ್ಲಿ ಒಂದು ಬುಡಮೇಲಾಗಿ ಉರುಳಿತು. ಅದನ್ನು ಮತ್ತೆ ಎತ್ತಿ ನೆಟ್ಟರು, ಅದು ಚಿಗುರಿತು. ಆನೆಯ ಚರ್ಮದಂಥ ಆ ಕಾಂಡಕ್ಕೆ ಕೈಯಿಟ್ಟು ತುಸು ಹೊತ್ತು ಸುಮ್ಮನೆ ನಿಂತೆ. ಚಿತ್ರ ತೆಗೆಯುವುದು ಆಮೇಲೆ ನೆನಪಾಯಿತು.

ಹಾನಗಲ್ಲಿನ ತಾರಕೇಶ್ವರ ಗುಡಿ ಮರುದಿನ. ಶಾಸನಗಳ ಪಾನುಂಗಲ್ಲು ಇದೇ, ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಸ್ಮಾರಕದೊಳಗೆ ಸ್ಟ್ಯಾಂಡ್ ಹೂಡಲು ಮೊದಲೇ ಅನುಮತಿ ಬೇಕು, ನಾನು ಪಡೆದಿರಲಿಲ್ಲ. ಟವೆಲ್ ಮಡಚಿ ನೆಲಕ್ಕೆ ಹಾಸಿ, ಅದರ ಮೇಲೆ ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಟೈಮರ್ ಒತ್ತಿ ಸರಿದುಕೊಂಡೆ. ಮೇಲೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ತಾವರೆ. ಬರಿಗಣ್ಣಿಗೆ ಅದು ಕತ್ತಲಲ್ಲಿ ಅರೆಬರೆ ತೋರುತ್ತದೆ. ಬೆಳಕು ಹನಿಹನಿಯಾಗಿ ಸೇರಿದ ಮೇಲೆ ಎಸಳು ಎಸಳೂ ಎದ್ದು ಬಂತು. ಅಂಚಿನಲ್ಲಿ ಇನ್ನೊಂದು ಬೆರಗು ಕಾದಿತ್ತು. ಚಿತ್ರ ಮೂಡುವಷ್ಟರಲ್ಲಿ ನಾಲ್ಕೈದು ಹೆಂಗಸರು ಗುಡಿ ಸುತ್ತಿ ಹಾದುಹೋಗಿದ್ದರು. ಅವರು ಯಾರೂ ಚಿತ್ರದಲ್ಲಿಲ್ಲ. ಕನ್ನಡಿಯಂತೆ ನಯಗೊಳಿಸಿದ ಕಂಬದ ಮೈಮೇಲೆ ಅವರ ಇಳಕಲ್ ಸೀರೆಗಳ ಹಸಿರು, ಕೆಂಪು ತೆಳ್ಳಗೆ ಹರಡಿತ್ತು. ಎಂಟುನೂರು ವರ್ಷಕ್ಕೂ ಮಿಕ್ಕಿ ಈ ಕಂಬಗಳ ಮೇಲೆ ಹೀಗೆ ಎಷ್ಟು ಸೀರೆಗಳು ಬಿದ್ದು ಹೋಗಿರಬಹುದು!

ಕೊನೆಗೆ ಹಿರೇಕೆರೂರು ತಾಲ್ಲೂಕು. ಸರ್ವಜ್ಞನ ಅಬಲೂರಿನ ಸೀಮೆ ಇದು. ದೀಪಾವಳಿ ಮುಗಿದರೆ ಇಲ್ಲಿ ಊರೂರಲ್ಲಿ ಕೊಬ್ಬರಿ ಹೋರಿ ಓಡುತ್ತದೆ. ಕೊರಳಿಗೆ ಒಣಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು, ಬೆನ್ನಿಗೆ ಜೂಲು. ಎರಡೂ ಕಡೆ ಕಿಕ್ಕಿರಿದ ಜನರ ನಡುವೆ ಹೋರಿ ಬಾಣದಂತೆ ಬರುತ್ತದೆ, ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ. ಇಲ್ಲಿ ಮೂವತ್ತು ಸೆಕೆಂಡು ತೆರೆದಿಟ್ಟರೆ ಏನೂ ಉಳಿಯದು. ಗಟ್ಟಿಯಾದ ಮಾಳಿಗೆಯೊಂದರ ಮೇಲೆ ನಿಂತು ಒಂದು ಸೆಕೆಂಡಿಗೆ ಇಳಿಸಿದೆ. ಮೊದಲ ಐದಾರು ಚಿತ್ರ ಬರೀ ಧೂಳು. ಆಮೇಲಿನದರಲ್ಲಿ ಹೋರಿಯ ಮೈ ಇರಲಿಲ್ಲ. ಕೋಡಿನ ರಿಬ್ಬನ್ ಮಾತ್ರ ಧೂಳಿನ ಮೇಲೆ ಕೇಸರಿ ಗೆರೆಯೊಂದನ್ನು ಎಳೆದಿತ್ತು, ಏರಿ ಇಳಿದು, ಏರಿ ಇಳಿದು.

ಸಂಜೆ ಹೋರಿಯ ಮಾಲೀಕರನ್ನು ಹುಡುಕಿಕೊಂಡು ಹೋದೆ. ಅವರು ಹೋರಿಯ ಕಾಲಿಗೆ ಬಿಸಿನೀರು ಹಾಕಿ ತಿಕ್ಕುತ್ತಿದ್ದರು. ನಿಮ್ಮ ಹೋರಿ ಇದರಲ್ಲಿ ಕಾಣಿಸುವುದಿಲ್ಲ ಎಂದು ಅಳುಕುತ್ತಲೇ ಚಿತ್ರ ಹಿಡಿದೆ. ಒದ್ದೆ ಕೈ ಧೋತರಕ್ಕೆ ಒರೆಸಿಕೊಂಡು ಕ್ಯಾಮೆರಾ ಹತ್ತಿರ ತೆಗೆದುಕೊಂಡರು. ಬೆರಳು ಕೇಸರಿ ಗೆರೆಯ ಗುಂಟ ನಿಧಾನ ಸಾಗಿ ಒಂದೊಂದು ಏರಿನ ಮೇಲೂ ನಿಂತಿತು.

‘ಕಾಣೂದಿಲ್ಲ ಅಂತೀರಲ್ರಿ. ಇದು ಒಂದು ಜಿಗತ, ಇದು ಎರಡು, ಇದು ಮೂರು. ಮೂರನೇದಕ್ಕ ಎಡಕ್ಕ ಹೊಳ್ಳೇತಿ ನೋಡ್ರಿ. ಇದು ನಮ್ಮ ಹೋರೀನ.’