ಕಕ್ಷಿದಾರಳ ಕಥೆ ಯಾರದು?

ಎರಡು ದೋಣಿಯ ಮೇಲೆ ಕಾಲಿಟ್ಟವರು ದಡ ಸೇರುವುದಿಲ್ಲ ಎನ್ನುತ್ತಾರೆ. ಆದರೆ ಹಾಸನದ ಬಾನು ಮುಷ್ತಾಕ್ ಅವರನ್ನು ನೋಡಿದರೆ ಈ ಮಾತು ಎಲ್ಲರಿಗೂ ಒಪ್ಪುವುದಿಲ್ಲ ಎನಿಸುತ್ತದೆ. ಅವರು ವಕೀಲರೂ ಹೌದು, ಕಥೆಗಾರ್ತಿಯೂ ಹೌದು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳೊಂದಿಗೆ ನ್ಯಾಯ ಕೇಳುವ ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಚಿತ್ರವಾಗಿಸಿದರು. ತಾರಾ ಅವರಿಗೆ ಅದರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ 12 ಕಥೆಗಳಿವೆ. 1990ರಿಂದ 2023ರವರೆಗೆ ಬರೆದವು. ಆತುರಪಟ್ಟು ಆದ ಕೆಲಸವಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಹಗಲು ಅರ್ಜಿ ಬರೆಯುತ್ತಾಳೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಚಿತ್ರಕಥೆ. ಸಿನಿಮಾದವರು ಬೆಂಗಳೂರಿಗೆ ಕರೆದ ದಿನವೇ ಕೇಸಿಗೆ ತಾರೀಖು ಬೀಳುತ್ತದೆ. ವಕೀಲರ ಪರಿಷತ್ತಿನ ನಿಯಮ ಪೂರ್ಣಾವಧಿ ಸಂಬಳದ ನೌಕರಿಯನ್ನು ಒಪ್ಪುವುದಿಲ್ಲ. ಆದರೆ ಪತ್ರಿಕೋದ್ಯಮ, ಪ್ರಸಾರ, ಪಾಠ ಹೇಳುವುದಕ್ಕೆ ಅವಕಾಶವಿದೆ. ಹೀಗಾಗಿ ಬರವಣಿಗೆಗೆ ದಾರಿಯೇನೋ ಇದೆ, ಹೊತ್ತೂ ಹೇಗೋ ಸಿಗುತ್ತದೆ. ಅವಳ ಕಷ್ಟ ಬೇರೆಯೇ.

“ಮಿಸ್, ಜೀವನಾಂಶದ ಅರ್ಜಿಯಲ್ಲಿ ಮದುವೆಯ ತಾರೀಖು, ಮಕ್ಕಳ ವಯಸ್ಸು, ಗಂಡನ ಆದಾಯ ಇಷ್ಟಿದ್ದರೆ ಸಾಕು. ಆದರೆ ನನ್ನ ಕಕ್ಷಿದಾರಳೊಬ್ಬಳು ಒಂದು ಮಾತು ಹೇಳಿದಳು. ಅದು ಯಾವ ಅರ್ಜಿಯಲ್ಲೂ ಹಿಡಿಸುವುದಿಲ್ಲ. ಸಿನಿಮಾದಲ್ಲಿ ಮಾತ್ರ ಬರಬೇಕು” ಎಂದಳು.

ಆ ಮಾತು ಏನೆಂದು ನನಗೂ ಹೇಳಲಿಲ್ಲ. ನನಗೆ ಅವಳ ಮೇಲಿನ ಗೌರವ ಹೆಚ್ಚಿತು.

ಕಕ್ಷಿದಾರರು ನಂಬಿ ಹೇಳಿದ್ದನ್ನು ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಂ ಹೀಗೆನ್ನುತ್ತದೆ. ಹಳೆಯ ಸಾಕ್ಷ್ಯ ಕಾಯಿದೆಯಲ್ಲೂ ಇದೇ ಇತ್ತು. ಹೆಸರು ಬದಲಿಸಿದರೆ ಸಾಲದೆ ಎಂದು ಕೇಳಬಹುದು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೂ ಹಾಲಿನವನಿಂದ ಹಿಡಿದು ಹೂವಿನವಳವರೆಗೆ ಎಲ್ಲರಿಗೂ ಗುರುತು ಸಿಗುತ್ತದೆ.

“ಹಾಗಾದರೆ ಅವಳನ್ನೇ ಕೇಳಿಬಿಡಲೇ?” ಎಂದಳು.

“ಕೇಳಿದರೆ ಖಂಡಿತ ಹೂಂ ಅನ್ನುತ್ತಾಳೆ ಕಣೇ. ಅವಳ ಅನ್ನ ನಿನ್ನ ಕೈಲಿದೆ. ಆ ಹೂಂಗೆ ಏನು ಬೆಲೆ?” ಎಂದೆ.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಬರೆಯುವವರಿಗೆ ಸಿಕ್ಕಿದ್ದನ್ನು ಬಿಡುವ ಸಂಕಟ ಎಷ್ಟೆಂದು ನನಗೂ ಗೊತ್ತು. ಆದರೆ ಹೆಂಗಸರು ವಕೀಲರ ಮುಂದೆ ಬಾಯಿ ಬಿಡುವುದೇ ಅಲ್ಲಿಂದ ಮಾತು ಹೊರಗೆ ಹೋಗದೆಂಬ ಧೈರ್ಯದಿಂದ. ಆ ಧೈರ್ಯ ಹೋದರೆ ನಾಳೆ ಬರುವವಳು ಅರ್ಧ ಹೇಳಿ ಅರ್ಧ ನುಂಗಿಕೊಳ್ಳುತ್ತಾಳೆ. ಆಗ ಕೇಸೂ ಇಲ್ಲ, ಕಥೆಯೂ ಇಲ್ಲ.

ಆ ದೃಶ್ಯವನ್ನು ಅವಳು ತೆಗೆದಿಟ್ಟಳು. ಸಿನಿಮಾದವರು ಕಾಯಲಿಲ್ಲ. ಜೀವನಾಂಶದ ಕೇಸು ನಡೆಯುತ್ತಿದೆ. ಮುಂದಿನ ತಾರೀಖಿಗೆ ವಾದಿಸುವವಳು ಅವಳೇ.