ನಮ್ಮೂರ ಹೊಳೆ ಪಣಜಿಯಲ್ಲಿ ಸಿಕ್ಕಿತು

ಬೆಳಗಾವಿಯವರಿಗೆ ಸಮುದ್ರ ಅಂದ್ರೆ ಗೋವಾ. ಮಕ್ಕಳಿಗೆ ರಜೆ ಬಿತ್ತು ಅಂದ್ರೆ ಸಾಕು, ಟಿಳಕವಾಡಿ, ಶಹಾಪುರದ ಗಾಡಿಗಳೆಲ್ಲ ಚೋರ್ಲಾ ಘಾಟಿನ ಕಡೆ ಮುಖ ಮಾಡ್ತವೆ. ನಾವೂ ನಾಲ್ಕೈದು ಸಲ ಹೋಗಿ ಬಂದವರೇ. ಆದರೆ ಕಳೆದ ದಸರಾ ರಜೆಯಲ್ಲಿ ಮೊದಲ ಸಲ ನಮ್ಮ ಅತ್ತೆಯನ್ನೂ ಕರೆದುಕೊಂಡು ಹೋದೆವು. ಆ ಪ್ರವಾಸವೇ ಬೇರೆ ಆಯಿತು ನೋಡಿ.

ಅತ್ತೆಗೆ ಎಪ್ಪತ್ತೆರಡು. ಅವರ ತವರು ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗಿನ ಒಂದು ಪುಟ್ಟ ಹಳ್ಳಿ. 2011ರಲ್ಲಿ ಆ ಕಾಡು ವನ್ಯಜೀವಿಧಾಮ ಆಯಿತು. ಈಗ ಅಲ್ಲಿನ ಹಳ್ಳಿಗಳಲ್ಲಿ ಒಂದೇ ಮಾತು: ಪರಿಹಾರ ತಗೊಂಡು ಹೊರಗೆ ಬರೋದೋ, ಅಲ್ಲೇ ಇರೋದೋ? ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಗಳನ್ನು ಹೊತ್ತುಕೊಂಡೇ ಕಾಡು ದಾಟಿಸಬೇಕು. ಅತ್ತೆಯ ತಮ್ಮ, ಅಂದರೆ ನಮ್ಮವರ ಮಾಮಾ, ಬಿಡೋದಿಲ್ಲ ಅಂತಾರೆ. ಅವರ ಮಗ ಬಿಡೋಣ ಅಂತಾನೆ. ಮಾಮಿಗೆ ದಮ್ಮಿನ ಕಾಯಿಲೆ, ಅವರು ಏನೂ ಅನ್ನೋದಿಲ್ಲ. ದಿನಾ ರಾತ್ರಿ ಅಪ್ಪ ಒಮ್ಮೆ, ಮಗ ಒಮ್ಮೆ ಅತ್ತೆಗೇ ಫೋನ್ ಮಾಡೋರು. ಅತ್ತೆ ಊಟ ಬಿಟ್ಟು ಕೂತುಬಿಡೋರು.

ಕಡೆಗೆ ನಮ್ಮವರೇ, “ಅವ್ವಾ, ಎರಡು ದಿನ ಆ ಫೋನ್ ಬದಿಗಿಡು. ಸಮುದ್ರ ನೋಡಿ ಬರೂಣು ನಡಿ” ಅಂದರು.

ಕುಂದಾ ಡಬ್ಬಿ, ಚೂಡಾ, ಮಗನಿಗೆ ವಾಂತಿ ಬಂದರೆ ಅಂತ ನಿಂಬೆಹಣ್ಣು ಎಲ್ಲ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟೆವು. ಜಾಂಬೋಟಿಯಲ್ಲಿ ಚಹಾ. ಮುಂದೆ ಕಣಕುಂಬಿಯಲ್ಲಿ ಇಳಿದೆವು. ಮಲಪ್ರಭೆ ಹುಟ್ಟುವ ಜಾಗ ಇದು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಕಟ್ಟೆಗೆ ನಿಂತು, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರು ಕೊಟ್ಟು, ಕೂಡಲಸಂಗಮದಲ್ಲಿ ಕೃಷ್ಣೆ ಸೇರುವ ನದಿ ಇಲ್ಲಿ ನಮ್ಮ ಕಾಲಬುಡದಲ್ಲಿತ್ತು. ಏಳನೇ ಕ್ಲಾಸಿನ ಮಗಳು ಮ್ಯಾಪ್ ತೆಗೆದು ಕೇಳಿದಳು, “ಪಪ್ಪಾ, ಇದು ಪೂರ್ವಕ್ಕೆ ಹೋಗ್ತದ. ಆಯಿ ಊರಿನ ಮಹದಾಯಿ ಪಶ್ಚಿಮಕ್ಕೆ ಹೋಗ್ತದ. ಒಂದೇ ತಾಲ್ಲೂಕು, ಎರಡು ಸಮುದ್ರ?” ಹೌದಲ್ಲ! ಮಲಪ್ರಭೆ ನೀರು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ, ಮಹದಾಯಿ ನೀರು ಅರಬ್ಬೀ ಸಮುದ್ರಕ್ಕೆ. ಇಷ್ಟು ವರ್ಷ ಟಿವಿಯಲ್ಲಿ ಮಹದಾಯಿ ಜಗಳ ನೋಡಿದ್ದೇ ಬಂತು, ಈ ಸಂಗತಿ ನನಗೆ ಹೊಳೆದಿರಲಿಲ್ಲ.

ಘಾಟ್ ಇಳಿದು ಪಣಜಿ ಮುಟ್ಟುವಾಗ ಹತ್ತು ಗಂಟೆ. ಭಾಜಿ-ಪಾವ್ ತಿಂದು ಊರು ಸುತ್ತಿದೆವು. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿಳಿ ಇಗರ್ಜಿ, ಫೊಂಟೇನಾಸ್ ಓಣಿಯ ಹಳದಿ, ನೀಲಿ ಬಣ್ಣದ ಹಳೇ ಮನೆಗಳು, ಹೊಳೆ ದಂಡೆಯ ಹಳೇ ಸೆಕ್ರೆಟರಿಯೇಟ್. ಈ ಕಟ್ಟಡ ಮೊದಲು ನಮ್ಮ ವಿಜಯಪುರದ ಆದಿಲ್‌ಶಾಹಿಗಳ ಅರಮನೆ. ಪೋರ್ಚುಗೀಸರು ಗೋವಾ ಗೆದ್ದದ್ದು 1510ರಲ್ಲಿ, ಪಣಜಿ ಅವರ ರಾಜಧಾನಿ ಆಗಿದ್ದು 1843ರಲ್ಲಿ. ಪಕ್ಕದಲ್ಲೇ ಅಬ್ಬೆ ಫಾರಿಯಾ ಪ್ರತಿಮೆ. ಸಂಮೋಹನ ವಿದ್ಯೆಗೆ ಹೆಸರಾದ ಗೋವಾದ ಪಾದ್ರಿ ಅವರು. ಹೆಂಗಸಿನ ಮೇಲೆ ಕೈ ಚಾಚಿ ನಿಂತ ಆ ಮೂರ್ತಿ ನೋಡಿ ನನ್ನ ಮಗ ಆಯಿಯ ಸೆರಗು ಹಿಡಿದುಕೊಂಡ.

ರಸ್ತೆಯಲ್ಲಿ ಓಡುವ ಗೋವಾ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಅಂತ ಬರೆದಿರುತ್ತೆ, ನೀವೂ ನೋಡಿರಬಹುದು. ಅದೇ ಕದಂಬರದ್ದು ನಮ್ಮ ಖಾನಾಪುರದ ಹಲಸಿ. ಅಲ್ಲಿನ ಭೂವರಾಹ ನರಸಿಂಹ ದೇವಸ್ಥಾನ ಗೋವಾ ಕದಂಬರ ಕಾಲದ್ದು. ಹಲಸಿ ಜಾತ್ರೆಗೆ ಹೋಗಿ ಬಂದವರು ನಾವು, ಆ ಹೆಸರು ಇಲ್ಲಿ ಬಸ್ಸಿನ ಮೇಲೆ ಓಡಾಡ್ತಿದೆ!

ಮಧ್ಯಾಹ್ನ ಬೇತಿಮ್ ಕಡೆ ಹೋಗುವ ಫೆರ್ರಿ ಹತ್ತಿದೆವು. ನಡೆದು ಹತ್ತುವವರಿಗೆ ದುಡ್ಡಿಲ್ಲ. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಅತ್ತೆಯ ಪಕ್ಕ ನಿಂತಳು. ಅತ್ತೆಯ ತವರಲ್ಲಿ ಆಡೋದು ಕೊಂಕಣಿ, ಮರಾಠಿ ಬೆರೆತ ಮಾತು. ಬೆಳಗಾವಿಯ ಮನೆಯಲ್ಲಿ ನಾಲ್ಕು ಮಾತಾಡದ ನಮ್ಮತ್ತೆ ಆಕೆಯ ಜೊತೆ ಶುರು ಮಾಡಿದ್ದೇ ಮಾಡಿದ್ದು! ಕುಂದಾ ಡಬ್ಬಿ ಅರ್ಧ ಅಲ್ಲೇ ಖಾಲಿ. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು, “ಈ ಹೊಳಿ ಎಲ್ಲಿಂದ ಬರ್ತದ?”

“ಇದ ನಿಮ್ಮೂರ ಹೊಳಿ ಅವ್ವಾ. ಅಲ್ಲಿ ಮಹದಾಯಿ, ಇಲ್ಲಿ ಮಾಂಡೋವಿ.”

ಅತ್ತೆ ಕಂಬಿ ಹಿಡಿದು ನೋಡೇ ನೋಡಿದರು. ಎದುರಿಗೆ ಕ್ಯಾಸಿನೊ ಹಡಗುಗಳು, ಮೇಲೆ ದೊಡ್ಡ ಸೇತುವೆಗಳು. “ಸಣ್ಣಾಕಿದ್ದಾಗ ಲಂಗಾ ಎತ್ತಿ ಹಿಡದು ದಾಟತಿದ್ದೆ ಇದನ್ನ” ಅಂದರು. “ಮತ್ತ ಆ ಹಡಗು ಏನದು?” ಜೂಜಾಡೋದು ಅಂತ ಹೇಳಿದಾಗ, “ನಮ್ಮ ನೀರಿನ ಮ್ಯಾಲೆ?” ಅಂತ ಸಿಟ್ಟು ಮಾಡಿಕೊಂಡರು. ನಾವೆಲ್ಲ ನಕ್ಕುಬಿಟ್ಟೆವು.

ಸಂಜೆ ಮೀರಾಮಾರ್. ಹೊಳೆ ಸಮುದ್ರ ಸೇರುವುದು ಇಲ್ಲೇ. ಮಕ್ಕಳು ಮರಳಿಗೆ ಓಡಿದರು. ಅತ್ತೆ ಮೊಣಕಾಲ ನೋವು ಮರೆತು ನೀರಿಗಿಳಿದು, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗುಳಿದರು. “ಉಪ್ಪು. ನಮ್ಮ ಊರ ನೀರು ಅಂದ್ರ ಯಾರು ನಂಬತಾರ?” ಅಂದರು. ಮಗಳು, “ಇಲ್ಲಿಂದ ಮುಂದ ಅದಕ್ಕ ಮಾಂಡೋವಿ ಅಂತಾನೂ ಅನ್ನೂದಿಲ್ಲ ಆಯಿ” ಅಂದಳು. ಅತ್ತೆ ಏನೂ ಅನ್ನಲಿಲ್ಲ. ಕತ್ತಲಾಗುವ ತನಕ ಅಲ್ಲೇ ಕೂತರು. ನಾನೂ ಪಕ್ಕದಲ್ಲಿ ಕೂತೆ. ಎಬ್ಬಿಸಲು ಮನಸ್ಸು ಬರಲಿಲ್ಲ.

ಮರುದಿನ ಬರುವಾಗ ಅನಮೋಡ ಘಾಟ್ ಹತ್ತಿ ಲೋಂಡಾ ಮೇಲೆ ಖಾನಾಪುರಕ್ಕೆ ಬಂದೆವು. ನೀವೂ ಹೋಗುವುದಾದರೆ ಹೀಗೇ ಮಾಡಿ, ಹೋಗುವಾಗ ಒಂದು ಘಾಟ್, ಬರುವಾಗ ಇನ್ನೊಂದು. ಜೋರು ಮಳೆಯಿದ್ದರೆ ಮಾತ್ರ ರಸ್ತೆ ವಿಚಾರಿಸಿಕೊಂಡು ಹೊರಡಿ. ಹಿರಿಯರಿದ್ದರೆ ಗಡಿಬಿಡಿ ಬೇಡ, ಅರ್ಧ ದಿನ ಪಣಜಿಯ ಹೊಳೆ ದಂಡೆಗೇ ಇಡಿ.

ಸಂತೆಗೆ ಬಂದಿದ್ದ ಮಾಮಾ ಖಾನಾಪುರದಲ್ಲಿ ಸಿಕ್ಕರು. ಚಹಾ ಅಂಗಡಿಯಲ್ಲಿ ಕೂತು ಅತ್ತೆ ಮೊದಲು ಹಡಗಿನ ಕಥೆಯೆಲ್ಲ ಹೇಳಿದರು. ಆಮೇಲೆ ಅಂದರು, “ಬಿಡು ಅಂತ ನಾ ಹೇಳೂದಿಲ್ಲ, ಇರು ಅಂತಾನೂ ಹೇಳೂದಿಲ್ಲ. ನಿನ್ನ ಮನಿ, ನಿನ್ನ ಮಗ, ನೀವ ಕೂತು ಮಾತಾಡ್ರಿ. ಆದ್ರ ಬರೂ ಮಳಿಗಾಲಕ್ಕ ಆಕಿ ನಮ್ಮ ಮನ್ಯಾಗ ಇರಲಿ. ಆಕಿನ್ನ ಹೊತಗೊಂಡು ಹಳ್ಳಾ ದಾಟೂದು ನನಗ ಬ್ಯಾಡ.” ಮಾಮಾ ಬಸಿಯಲ್ಲಿದ್ದ ಚಹಾ ನೋಡುತ್ತ ಬಹಳ ಹೊತ್ತು ಕೂತಿದ್ದು, “ಆತಕ್ಕಾ” ಅಂದರು.

ಮಾಮಿ ಜೂನ್‌ನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಊರಿನ ವಿಷಯಕ್ಕೆ ಮಾಮಾ ಇನ್ನೂ ಹೂಂ ಅಂದಿಲ್ಲ. ಆದರೆ ಅಪ್ಪ, ಮಗ ಬೇರೆ ಬೇರೆ ಫೋನ್ ಮಾಡೋದು ನಿಂತಿದೆ. ಮಳೆ ಕಡಿಮೆಯಾದ ಮೇಲೆ ಮಾಮಿಗೂ ಪಣಜಿ ತೋರಿಸಬೇಕು ಅಂತ ಅತ್ತೆಯ ಹಠ. ಎರಡು ಡಬ್ಬಿ ಕುಂದಾ ತಗೋಬೇಕಂತೆ, ಫೆರ್ರಿಯ ಆ ಗೆಳತಿ ಸಿಕ್ಕರೆ ಕೊಡೋದಕ್ಕೆ.